ಎಲೆಗೆ ಮೊದಲು ಪಾಯಸ

ನಮ್ಮ ಅಂಗಡಿಯ ಬೋರ್ಡಿನಲ್ಲಿ ‘ವೈನ್ಸ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ನಾನು ಕೌಂಟರಿಗೆ ಬಂದು ಕೂರುವವರೆಗೂ ಒಳಗೆ ಒಂದೇ ಒಂದು ಬಾಟಲಿ ವೈನ್ ಇರಲಿಲ್ಲ. ಬ್ರಾಂದಿ, ವಿಸ್ಕಿ, ರಮ್ಮು, ಬಿಯರು ಎಲ್ಲ ಇದ್ದವು. ಶಿಕಾರಿಪುರದಲ್ಲಿ ಇದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ವೈನ್ ಶಾಪಿಗೆ ಹೋಗಿ ವೈನ್ ಕೇಳುವವನನ್ನೇ ಜನ ವಿಚಿತ್ರವಾಗಿ ನೋಡುತ್ತಾರೆ. ನನಗೆ ತಡೆಯಲಾಗಲಿಲ್ಲ. ಒಂದು ಕಪಾಟು ಖಾಲಿ ಮಾಡಿಸಿ ನಮ್ಮ ರಾಜ್ಯದ್ದೇ ಅಗ್ಗದ ವೈನುಗಳನ್ನು ತಂದು ಜೋಡಿಸಿದೆ. ಐನೂರು ರೂಪಾಯಿ ದಾಟಿದ ಬಾಟಲಿಯನ್ನು ನಾನು ಮುಟ್ಟುವುದಿಲ್ಲ. ದುಡ್ಡಿದ್ದವರಿಗೆ ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ.

ಮಧ್ಯಾಹ್ನ ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ ನಾನೂ ಅಪ್ಪನೂ ಹಿಂದಿನ ಕೋಣೆಯಲ್ಲಿ ಕೂತು ರುಚಿ ನೋಡುತ್ತಿದ್ದೆವು. ಅಪ್ಪ ಉಜ್ಜಪ್ಪ ಮಾರುವವನೇ ಹೊರತು ಕುಡಿಯುವವನಲ್ಲ. ಆದರೂ ಮಗಳು ಕರೆದಳೆಂದು ಸ್ಟೀಲ್ ಲೋಟ ಹಿಡಿದು ಕೂರುತ್ತಿದ್ದ. ಒಂದು ಗುಟುಕು, ಒಂದು ತುತ್ತು, ಮತ್ತೆ ಒಂದು ಗುಟುಕು. ಮಂಡಕ್ಕಿ-ಮಿರ್ಚಿಗೆ ಸಿಹಿ ಕೆಂಪು ವೈನ್ ಹೊಂದುತ್ತದೆ, ಖಾರದ ಉರಿಯನ್ನು ತಡೆಯುತ್ತದೆ. ನಿಂಬೆ ಹಿಂಡಿದ ಹುರಿದ ಮೀನಿಗೆ ಹುಳಿ ಇರುವ ಬಿಳಿಯದು. ಕೊಬ್ಬಿರುವ ಕುರಿಮಾಂಸಕ್ಕೆ ಒಗರು ಕೆಂಪು. ಇವನ್ನೆಲ್ಲ ಮೊಬೈಲಿನಲ್ಲಿ ಸಣ್ಣ ಸಣ್ಣ ವಿಡಿಯೋ ಮಾಡಿ ಹಾಕಿದೆ. ಜನ ಮೊದಲು ನಕ್ಕರು, ಆಮೇಲೆ ಬಂದು ಕೊಂಡರು.

ಒಂದು ಸಂಗತಿ ಮಾತ್ರ ನಮಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು. ಸಿಹಿ ತಿಂದ ಬಾಯಿಗೆ ಸಿಹಿಯಿಲ್ಲದ ವೈನ್ ಹಾಕಬಾರದು. ಮೈಸೂರುಪಾಕ್ ತಿಂದು ಚಹಾ ಕುಡಿದರೆ ಸಕ್ಕರೆ ಹಾಕಿದ ಚಹಾವೂ ಸಪ್ಪೆ ಅನ್ನಿಸುತ್ತದಲ್ಲ, ವೈನಿನ ಗತಿ ಅದಕ್ಕಿಂತ ಕೆಟ್ಟದ್ದು. ಹುಳಿ ಒಂದೇ ಉಳಿಯುತ್ತದೆ, ಹಿಂದೆ ಕಹಿ. ಅವತ್ತು ಹೋಳಿಗೆ ಕಚ್ಚಿ ಒಗರು ವೈನ್ ಕುಡಿದ ಅಪ್ಪ ಕಿಟಕಿಯ ಹೊರಗೆ ಉಗಿದು, “ಇದೇನವ್ವಾ, ಬೇವಿನ ಕಷಾಯ ಆತಲ್ಲ,” ಎಂದಿದ್ದ.

ಹೀಗಿರುವಾಗ ಒಂದು ದಿನ ಸೊರಬದ ಶ್ರೀನಾಥ ಅಂಗಡಿಯ ಮುಂದೆ ಕಾರು ನಿಲ್ಲಿಸಿದ.

ಶ್ರೀನಾಥ ಯಾರೆಂದು ಹೇಳಬೇಕಾದರೆ ಆರು ವರ್ಷ ಹಿಂದಕ್ಕೆ ಹೋಗಬೇಕು. ಅವನು ನನ್ನನ್ನು ನೋಡಿ ಒಪ್ಪಿ, ಮಾತುಕತೆ ಮುಗಿಸಲು ಮನೆಯವರನ್ನೆಲ್ಲ ಕಟ್ಟಿಕೊಂಡು ಈಸೂರಿನ ನಮ್ಮ ಮನೆಗೆ ಬಂದಿದ್ದ. ಅವತ್ತು ಅಪ್ಪ ಬೆಳಗಿನಿಂದ ಕೂತ ಜಾಗದಲ್ಲಿ ಕೂತಿರಲಿಲ್ಲ. ಎಲೆ ಹಾಕಿ, ಪಾಯಸ, ಕೋಸಂಬರಿ, ಹೋಳಿಗೆ ಎಲ್ಲ ಬಡಿಸಿದ್ದಾಯಿತು. ತಾನೇ ನಿಂತು ಹೋಳಿಗೆಗೆ ತುಪ್ಪ ಹಾಕುತ್ತಿದ್ದ. ಆಗ ಶ್ರೀನಾಥನ ತಾಯಿ ತಾಯಮ್ಮ, “ಪೇಟೇಲಿ ಎಂತ ವ್ಯಾಪಾರ ನಿಮ್ದು?” ಎಂದು ಕೇಳಿದಳು. ಮದುವೆ ದಲ್ಲಾಳಿ ಅದನ್ನು ಮುಚ್ಚಿಟ್ಟಿದ್ದನೆಂದು ನಮಗೇನು ಗೊತ್ತು. ಅಪ್ಪ ಮುಚ್ಚುಮರೆಯಿಲ್ಲದೆ ಹೇಳಿದ. ತಾಯಮ್ಮ ಕೈಯಲ್ಲಿದ್ದ ತುತ್ತನ್ನು ಎಲೆಗೆ ಬಿಟ್ಟಳು.

“ಹೆಂಡದ ದುಡ್ಡಿನ ಅನ್ನ ನಮ್ಗೆ ಬ್ಯಾಡ,” ಎಂದು ಎದ್ದಳು. ಅವಳು ಎದ್ದ ಮೇಲೆ ಸಾಲಾಗಿ ಎಲ್ಲರೂ ಎದ್ದರು. ಶ್ರೀನಾಥನೂ ಎದ್ದ. ಅವನ ಬಾಯಲ್ಲಿ ಹೋಳಿಗೆ ಇನ್ನೂ ಇತ್ತು, ಅದನ್ನು ನುಂಗುತ್ತಲೇ ಎದ್ದ.

ಬಡಿಸಿದ ಎಲೆ ಬಿಟ್ಟು ಏಳುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದಕ್ಕಿಂತ ಕೆನ್ನೆಗೆ ಹೊಡೆದು ಹೋಗಿದ್ದರೆ ಚೆನ್ನಾಗಿತ್ತು. ಅಪ್ಪ ಯಾರನ್ನೂ ಹತ್ತಿರ ಬಿಡದೆ ಆ ಎಲೆಗಳನ್ನು ತಾನೇ ಎತ್ತಿ ದನಗಳಿಗೆ ಹಾಕಿದ. ಆಮೇಲೆ ಅಪ್ಪ ಯಾರ ಮನೆಯ ಎಲೆಯ ಮುಂದೆಯೂ ಕೂರಲಿಲ್ಲ. ಮದುವೆ, ಮುಂಜಿ, ಗೃಹಪ್ರವೇಶ, ಎಲ್ಲಿಗೆ ಹೋದರೂ ಅಕ್ಷತೆ ಹಾಕಿ, ಮುಯ್ಯಿ ಕೊಟ್ಟು, ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತುತ್ತಿದ್ದ. ನನ್ನ ಮದುವೆ ಮುರಿದದ್ದಕ್ಕೆ ನಾನು ಒಂದು ಹನಿ ಕಣ್ಣೀರು ಹಾಕಿಲ್ಲ. ಅಪ್ಪನ ಊಟ ಕಸಿದದ್ದನ್ನು ಮಾತ್ರ ಮರೆತಿರಲಿಲ್ಲ.

ಅಂಥ ಶ್ರೀನಾಥ ಈಗ ಹಲ್ಲು ಕಿರಿಯುತ್ತಾ ನನ್ನ ಕೌಂಟರಿಗೆ ಒರಗಿ ನಿಂತಿದ್ದ.

“ನಿಮ್ಮ ವಿಡಿಯೋ ಎಲ್ಲ ನೋಡ್ತೆ ನಾನು. ಭಾರೀ ಬೆಳೆದ್ರಿ. ಆಗಿದ್ದೆಲ್ಲ ಒಳ್ಳೇದಕ್ಕೇ ಅಲ್ದನಾ? ನಮ್ಮನೆಗೆ ಬಂದಿದ್ರೆ ಇಷ್ಟು ಹೆಸ್ರು ಎಲ್ಲಿ ಬರ್ತಿತ್ತು?”

ಅಪ್ಪ ಮೂಲೆಯಲ್ಲಿ ಖಾಲಿ ಪೆಟ್ಟಿಗೆ ಕಟ್ಟುತ್ತಿದ್ದವನು ತಲೆ ಎತ್ತಲಿಲ್ಲ. ಕೌಂಟರಿನ ಮೇಲಿದ್ದ ಬಾಟಲಿಯನ್ನು ಅವನ ತಲೆಗೆ ಹಾಕುವ ಮನಸ್ಸಾಯಿತು ನನಗೆ. ನೂರಿಪ್ಪತ್ತು ರೂಪಾಯಿಯ ಬಿಯರು, ಅವನಿಗೆ ಅದೂ ದಂಡ ಎಂದು ಸುಮ್ಮನಾದೆ.

ಅವನಿಗೆ ಬೇಕಾದದ್ದು ಇಷ್ಟು. ಸೊರಬದ ಹೊರಗೆ, ತನ್ನ ಅನಾನಸ್ ಹೊಲದ ಅಂಚಿನಲ್ಲಿ ಒಂದು ಊಟದ ಮನೆ ಕಟ್ಟಿಸಿದ್ದ. ದಾವಣಗೆರೆಯ ಉಚ್ಚಂಗಪ್ಪ ಎಂಬ ಪ್ರವಾಸಿ ಬಸ್ಸುಗಳ ಮಾಲೀಕರು ಬಳ್ಳಿಗಾವಿ, ತಾಳಗುಂದ ನೋಡಲು ಬರುವ ಜನಕ್ಕೆ ಮಧ್ಯಾಹ್ನದ ಊಟದ ಜಾಗ ಹುಡುಕುತ್ತಿದ್ದರು. ಪಾಲುದಾರರ ಜತೆ ಭಾನುವಾರ ಬಂದು ಉಂಡು ನೋಡುವವರಿದ್ದರು. ಅವರು ಒಪ್ಪಿದರೆ ವಾರವಿಡೀ ಬಸ್ಸು ಅವನ ಬಾಗಿಲಿಗೆ. ಬರೀ ಊಟವಾದರೆ ಎಲ್ಲರೂ ಹಾಕುತ್ತಾರೆ, ಬಾಳೆಲೆ ಊಟದ ಜತೆ ವೈನ್ ಅಂದರೆ ಹೊಸತು ಎಂದು ಇವನ ತಲೆಗೆ ಹೊಳೆದಿತ್ತು. ಒಂದು ದಿನದ ಪರವಾನಗಿಯನ್ನೂ ಮಾಡಿಸಿಕೊಂಡಿದ್ದ.

“ನಿಮ್ಮ ಅಮ್ಮ ಒಪ್ಪಿದ್ರಾ?” ಎಂದೆ.

“ವೈನ್ ಅಂದ್ರೆ ಹೆಂಡ ಅಲ್ಲ, ದ್ರಾಕ್ಷಿ ರಸ ಅಂತ ಹೇಳಿದೀನಿ. ಈಗ ಬಂದೋರಿಗೆಲ್ಲ ಅಮ್ಮನೇ ಹಂಗೆ ಹೇಳ್ತದೆ,” ಎಂದು ನಕ್ಕ. “ಒಂದೇ ಹಟ ಅದ್ರದ್ದು. ಎಲೆಗೆ ಮೊದ್ಲು ಪಾಯಸ ಬೀಳ್ಬೇಕು. ಬಾಯಿ ಸಿಹಿ ಮಾಡ್ದೆ ಬೇರೆ ಎಂತದೂ ಮುಟ್ಟೋ ಹಂಗಿಲ್ಲ. ಪಾಯಸ, ಅನಾನಸ್ ಕೇಸರಿಬಾತು, ಹೋಳಿಗೆ. ಆಮೇಲೆ ಗ್ಲಾಸು. ಆಮೇಲೆ ಖಾರದ ಕೋಳಿ ಸಾರು.”

ನನ್ನ ಕೈ ಕಪಾಟಿನ ಮೇಲೆಯೇ ನಿಂತಿತು.

“ಯಾವ ವೈನ್ ಬೇಕು?”

“ಡ್ರೈ. ಅಪ್ಪಟ ಡ್ರೈ, ಒಂಚೂರೂ ಸಿಹಿ ಇರ್ಬಾರ್ದು. ಸಿಹಿ ವೈನ್ ಕುಡಿಯೋರು ಗಮಾರರು ಅಂತ ಎಲ್ಲೋ ಕೇಳಿದೆ. ದಾವಣಗೆರೆಯವ್ರ ಮುಂದೆ ಮರ್ಯಾದೆ ಹೋಗ್ಬಾರ್ದು.”

ನಾನು ಒಂದು ಸುಳ್ಳನ್ನೂ ಹೇಳಲಿಲ್ಲ, ಇದನ್ನು ಬೇಕಾದರೆ ಯಾವ ದೇವರ ಮುಂದೆಯೂ ಹೇಳುತ್ತೇನೆ. ಕೇಳಿದ್ದನ್ನು ಕೊಟ್ಟೆ. ಕಪಾಟಿನಲ್ಲಿದ್ದ ಅತಿ ಹುಳಿ ಬಿಳಿಯದು, ಅತಿ ಒಗರು ಕೆಂಪು, ಎರಡನ್ನೂ ಆರಿಸಿ ಆರಿಸಿ ಕೊಟ್ಟೆ. “ಭಾನುವಾರ ನಾನೇ ಬಂದು ಸುರಿದು ಕೊಡ್ತೀನಿ,” ಎಂದೂ ಹೇಳಿದೆ. ತಾನಾಗಿ ಬಂದು ಕೊರಳೊಡ್ಡಿದವನನ್ನು ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಶ್ರೀನಾಥನ ಕಾರು ಹೋದ ಮೇಲೆ ಅಪ್ಪ ಕೇಳಿದ. “ಪಾಯ್ಸ ಮೊದ್ಲು ಅಂದ್ನಲ್ಲ?”

“ಹೂಂ.”

“ಸಿಹಿ ಬಾಟ್ಲಿ ಕೊಡ್ಲಿಲ್ಲ ನೀನು.”

“ಕೇಳ್ಲಿಲ್ಲ ಅವ್ನು.”

ಅಪ್ಪ ಹಗ್ಗದ ಗಂಟು ಬಿಗಿದು, “ಭಾನುವಾರ ನಾನೂ ಬರ್ತೀನಿ,” ಎಂದ. ಬೇಡವೆಂದರೂ ಕೇಳಲಿಲ್ಲ. ನನ್ನನ್ನು ತಡೆಯಲು ಬರುತ್ತಾನೆಂದು ಅಂದುಕೊಂಡೆ. ತಡೆದರೂ ನಿಲ್ಲಬಾರದೆಂದು ಗಟ್ಟಿ ಮಾಡಿಕೊಂಡೆ. ಆದರೂ ವ್ಯಾನಿನ ಸೀಟಿನ ಕೆಳಗೆ ಎರಡು ಬಾಟಲಿ ಸಿಹಿ ಕೆಂಪು ವೈನ್ ಇಟ್ಟುಕೊಂಡೆ. ಯಾಕೆ ಇಟ್ಟೆನೋ. ಕೊಡಬಹುದಾಗಿದ್ದನ್ನು ಕೊಡದೇ ಇರುವ ಸುಖಕ್ಕೆ ಇರಬೇಕು.

ಭಾನುವಾರ ಊಟದ ಮನೆ ಸಿಂಗರಿಸಿಕೊಂಡಿತ್ತು. ನೆಲದ ಮೇಲೆ ಸಾಲಾಗಿ ಮಣೆ, ಎದುರಿಗೆ ಬಾಳೆಲೆ, ಎಲೆಯ ಪಕ್ಕ ಕಾಲುಳ್ಳ ಗಾಜಿನ ಲೋಟ. ತಾಯಮ್ಮ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಕಂಡು ಮುಖ ಬೇರೆ ಕಡೆ ತಿರುಗಿಸಿದಳು. ಅಪ್ಪನನ್ನು ಕಂಡು ಅದೂ ಆಗದೆ ಸೆರಗು ಸರಿಮಾಡಿಕೊಂಡಳು.

ಉಚ್ಚಂಗಪ್ಪನವರು ಪಾಲುದಾರರೊಂದಿಗೆ ಬಂದು ಕೂತರು. ಸಾಲಿನ ಕೊನೆಯಲ್ಲಿ ಒಂದು ಎಲೆ ಉಳಿದಿತ್ತು. ಯಾರೂ ಕರೆಯದಿದ್ದರೂ ಅಪ್ಪ ಚಪ್ಪಲಿ ಬಿಟ್ಟು, ಕಾಲು ತೊಳೆದು, ಆ ಎಲೆಯ ಮುಂದೆ ಕೂತ. ಆರು ವರ್ಷ ಯಾರ ಮನೆಯಲ್ಲೂ ಕೂರದವನು, ಇಲ್ಲಿ, ಇವರ ಮನೆಯಲ್ಲಿ ಕೂತಿದ್ದ. ಹೊರಗಿನವರ ಮುಂದೆ ಶ್ರೀನಾಥನಿಗೆ ಏಳಿ ಎನ್ನಲೂ ಬಾಯಿ ಬರಲಿಲ್ಲ.

ಪಾಯಸ ಬಂತು. ಕೇಸರಿಬಾತು ಬಂತು. ತುಪ್ಪದಲ್ಲಿ ಮುಳುಗಿದ ಹೋಳಿಗೆ ಬಂತು. ಎಲ್ಲರೂ ಚಪ್ಪರಿಸಿ ತಿಂದರು. “ಅಮ್ಮಾರೇ, ಏನ್ ಕೈ ರುಚಿ ರೀ ನಿಮ್ದು!” ಎಂದರು ಉಚ್ಚಂಗಪ್ಪ. ತಾಯಮ್ಮ ಉಬ್ಬಿದಳು.

ನಾನು ಬಾಟಲಿ ಹಿಡಿದು ಸಾಲಿನುದ್ದಕ್ಕೂ ಸುರಿಯುತ್ತಾ ಹೋದೆ.

ಉಚ್ಚಂಗಪ್ಪ ದೊಡ್ಡ ಗುಟುಕನ್ನೇ ತೆಗೆದುಕೊಂಡರು. ಕಣ್ಣು ಮುಚ್ಚಿ, ಮುಖ ಕಿವುಚಿ, ಬಲವಂತವಾಗಿ ನುಂಗಿದರು. ಪಕ್ಕದವರು ಟವೆಲಿಗೆ ಉಗಿದರು. “ಕೆಟ್ಟೋಗೈತೇನ್ರೀ ಇದು?” ಎಂದರು ಇನ್ನೊಬ್ಬರು. ಶ್ರೀನಾಥ ಗಾಬರಿಯಿಂದ, “ಇಲ್ಲ ಇಲ್ಲ, ಡ್ರೈ ಅಂದ್ರೆ ಹಂಗೇ. ಕೋಳಿ ಸಾರಿನ ಜತೆ ನೋಡಿ,” ಎಂದು ಸಾರು ಬಡಿಸಿದ. ಒಗರು ಕೆಂಪು ವೈನಿಗೆ ಬ್ಯಾಡಗಿ ಮೆಣಸಿನಕಾಯಿ ಕೂಡಿದರೆ ಗಂಟಲಿಗೆ ಕಿಚ್ಚು ಹಚ್ಚಿದ ಹಾಗೆ. ಸಾಲಿನಲ್ಲಿ ಕೆಮ್ಮು ಶುರುವಾಯಿತು. ನೀರು, ನೀರು ಎಂದು ಕೂಗಿದರು.

ಶ್ರೀನಾಥ ಬೆವರುತ್ತಾ ನನ್ನ ಹತ್ತಿರ ಓಡಿ ಬಂದ. “ನಾಗಶ್ರೀ, ಬೇರೆ ಎಂತಾದ್ರೂ ಇದ್ಯಾ? ಸಿಹಿದು? ಯಾವ್ದಾದ್ರೂ ಆಗ್ಲಿ. ನಿಮ್ಮ ಕಾಲಿಗೆ ಬೀಳ್ತೆ.”

ಸಿಹಿ ವೈನ್ ಹತ್ತು ಹೆಜ್ಜೆ ದೂರದ ವ್ಯಾನಿನಲ್ಲಿತ್ತು. ಅದನ್ನು ತಂದು ಸುರಿದಿದ್ದರೆ ಊಟ ಉಳಿಯುತ್ತಿತ್ತು.

“ಸಿಹಿ ಕುಡಿಯೋರು ಗಮಾರರಲ್ವೇನ್ರೀ?” ಎಂದೆ.

ಅವನು ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತು. ಅರ್ಥವಾಗಲೆಂದೇ ನಾನು ಅಷ್ಟು ನಿಧಾನವಾಗಿ ಹೇಳಿದ್ದೆ.

ಉಚ್ಚಂಗಪ್ಪ ಕೈ ಒದರಿ ಎದ್ದರು. “ಬಸ್ಸಿನ ಜನಕ್ಕೆ ಇದನ್ನ ಕುಡಿಸಿದ್ರೆ ನನ್ನೇ ಹೊಡೀತಾರ್ರೀ,” ಎಂದರು. ಅವರ ಹಿಂದೆ ಸಾಲು ಸಾಲಾಗಿ ಎಲ್ಲರೂ ಎದ್ದರು. ಅನ್ನ ಇನ್ನೂ ಬಿದ್ದಿರಲಿಲ್ಲ. ಬಡಿಸಿದ ಎಲೆಗಳು ಹಾಗೇ ಉಳಿದವು. ಕಾರುಗಳು ಹೊರಟ ಸದ್ದು ಕೇಳುವಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಕುಣಿಯಬೇಕು ಅನ್ನಿಸಿತು. ಮಾಡಿದ್ದುಣ್ಣೋ ಮಹರಾಯ ಎಂದು ಕೂಗಿ ಹೇಳಲು ತಾಯಮ್ಮನ ಕಡೆ ತಿರುಗಿದೆ.

ಆಗ ಸಾಲಿನ ಕೊನೆಯಿಂದ ಅಪ್ಪನ ದನಿ ಬಂತು.

“ತಾಯಮ್ಮಾರೇ, ಅನ್ನ ಹಾಕ್ರಿ.”

ಅಪ್ಪ ಎದ್ದಿರಲಿಲ್ಲ. ಅಷ್ಟುದ್ದದ ಸಾಲಿನಲ್ಲಿ ಒಬ್ಬನೇ ಕೂತಿದ್ದ. ಪಾಯಸ ಮುಗಿಸಿದ್ದ. ಹೋಳಿಗೆ ಮುಗಿಸಿದ್ದ. ಗಾಜಿನ ಲೋಟ ತಳದವರೆಗೂ ಖಾಲಿಯಾಗಿತ್ತು. ಅವತ್ತು ಕಿಟಕಿಯಿಂದ ಉಗಿದಿದ್ದ ಅದೇ ಕಷಾಯವನ್ನು ಇವತ್ತು ಒಂದು ತೊಟ್ಟು ಬಿಡದೆ ಕುಡಿದಿದ್ದ.

ತಾಯಮ್ಮ ಅನ್ನದ ಪಾತ್ರೆ ಹಿಡಿದು ನಿಂತಲ್ಲೇ ನಿಂತಳು. ಬಡಿಸದೆ ಇರುವ ಹಾಗಿಲ್ಲ. ಎಲೆಯ ಮುಂದೆ ಕೂತು ಕೇಳಿದವನಿಗೆ ಇಲ್ಲ ಎಂದರೆ ಮನೆಗೆ ಒಳ್ಳೆಯದಲ್ಲವೆಂದು ಅವಳಿಗೂ ಗೊತ್ತು. ಬಿಟ್ಟ ಎಲೆಗಳನ್ನೆಲ್ಲ ದಾಟಿಕೊಂಡು ಬಂದು, ಬಗ್ಗಿ, ಅಪ್ಪನ ಎಲೆಗೆ ಅನ್ನ ಹಾಕಿದಳು. ಅರ್ಧ ಅನ್ನ ನೆಲಕ್ಕೆ ಬಿತ್ತು. ಅಪ್ಪ ನೆಲಕ್ಕೆ ಬಿದ್ದದ್ದನ್ನೂ ಅಗುಳು ಅಗುಳಾಗಿ ಎಲೆಗೆ ಎತ್ತಿಕೊಂಡ.

“ಸಾರು,” ಎಂದ. ಹಾಕಿದಳು.

“ಇನ್ನೊಂಚೂರು ಅನ್ನ.” ಹಾಕಿದಳು.

“ಮಜ್ಗಿ ಐತೇನ್ರೀ?”

ಅವಳು ಮಜ್ಜಿಗೆ ತರಲು ಒಳಗೆ ಹೋಗುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪನಿಗೆ ಅವಸರವಿರಲಿಲ್ಲ. ಉಪ್ಪಿನಕಾಯಿ ನಂಚಿಕೊಂಡು ಮಜ್ಜಿಗೆ ಅನ್ನ ಉಂಡ, ಎಲೆಯನ್ನು ಬೆರಳಿನಿಂದ ಬಳಿದು ನೆಕ್ಕಿದ. ಶ್ರೀನಾಥ ಗೋಡೆಗೆ ಒರಗಿ ನೆಲ ನೋಡುತ್ತಿದ್ದ.

ಎಲೆ ಮಡಚಿ ಎದ್ದು, ಕೈ ತೊಳೆದು, ಅಪ್ಪ ತಾಯಮ್ಮನ ಎದುರು ನಿಂತ. ಕೈ ಮುಗಿದ.

“ಊಟ ಭಾಳ ಚಲೋ ಇತ್ರೀ. ಬಡಿಸಿದ ಎಲೆ ಬಿಟ್ಟು ಏಳೋದು ನಮ್ಮ ಹೆಂಡದ ಮನೇಲಿ ಕಲಿಸಿಲ್ಲ,” ಎಂದ. ದನಿ ಏರಿಸಲಿಲ್ಲ, ಬೆಳೆಯ ಧಾರಣೆ ಹೇಳುವವನ ಹಾಗೆ ಹೇಳಿದ.

ತಾಯಮ್ಮ ಮಣೆಯ ಮೇಲೆ ಕುಸಿದು ಕೂತಳು. ನಾನು ಕೂಗಬೇಕೆಂದಿದ್ದ ಮಾತು ನನ್ನ ಬಾಯಲ್ಲೇ ಉಳಿಯಿತು. ಅಪ್ಪ ನನ್ನನ್ನು ತಡೆಯಲು ಬಂದಿರಲಿಲ್ಲ. ತನ್ನ ಪಾಲಿನದನ್ನು ತೀರಿಸಿಕೊಳ್ಳಲು ಬಂದಿದ್ದ. ನಾನು ಅವರ ವ್ಯಾಪಾರ ಕೆಡಿಸಿದ್ದೆ, ಅದನ್ನು ಅವರು ಮತ್ತೆ ಕಟ್ಟಿಕೊಂಡಾರು. ಅಪ್ಪ ಮಾಡಿದ್ದಕ್ಕೆ ಮದ್ದಿಲ್ಲ.

ವ್ಯಾನು ಶಿರಾಳಕೊಪ್ಪ ದಾಟುವವರೆಗೆ ಅಪ್ಪ ಕಿಟಕಿಯಾಚೆ ಜೋಳದ ಹೊಲ ನೋಡುತ್ತಾ ಕೂತಿದ್ದ. ಆಮೇಲೆ ಸೀಟಿನ ಕೆಳಗೆ ಕೈ ಹಾಕಿ ಸಿಹಿ ವೈನಿನ ಬಾಟಲಿ ಎಳೆದ.

“ನಾಲ್ಗಿ ಸತ್ತೋಗೈತಿ ಕಣವ್ವಾ ನಿನ್ ದೆಸೆಯಿಂದ,” ಎಂದು ಮುಚ್ಚಳ ತಿರುಗಿಸಿದ.

ಮುಂದಿನ ವಾರ ತಾಳಗುಂದದಲ್ಲಿ ನಮ್ಮವರೊಬ್ಬರ ಮದುವೆಯಿತ್ತು. ಅಕ್ಷತೆ ಹಾಕಿದ ಮೇಲೆ ಅಪ್ಪ ಎಂದಿನಂತೆ ಬಸ್ ಸ್ಟಾಂಡಿಗೆ ಹೊರಟಿರಬೇಕೆಂದು ನಾನು ಹೊರಗೆಲ್ಲ ಹುಡುಕಿದೆ. ಅಲ್ಲಿರಲಿಲ್ಲ. ಊಟದ ಮನೆಗೆ ಇಣುಕಿದೆ. ಮೊದಲನೇ ಪಂಕ್ತಿಯಲ್ಲೇ ಜಾಗ ಹಿಡಿದು, ಎಲೆಗೆ ನೀರು ಚಿಮುಕಿಸಿ ಒರೆಸುತ್ತಾ, ಪಾಯಸದವನು ಎಲ್ಲಿದ್ದಾನೆಂದು ಕತ್ತು ಉದ್ದ ಮಾಡಿ ನೋಡುತ್ತಿದ್ದ.