ಯಾರೋ ನೊಣ ಸಾಯಿಸ್ತಿದಾರೆ

ಮೈತ್ರಿಯ ಮರಿಹುಳುಗಳು ಮತ್ತೆ ಸತ್ತಿದ್ದವು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಗಾಜು ಹತ್ತಬೇಕಾಗಿದ್ದ ಹುಳುಗಳು ತಳದಲ್ಲೇ ಕಪ್ಪಾಗಿ ಬಿದ್ದಿದ್ದವು. ಪಕ್ಕದ ರ‍್ಯಾಕಿನಲ್ಲಿ ಸಮನ್ವಿತಾಳ ನೊಣಗಳು ಮದುವೆಮನೆಯ ಮಕ್ಕಳ ಹಾಗೆ ಹಾರಾಡುತ್ತಿದ್ದವು. ಅದೇ ಕೋಣೆ, ಅದೇ ಗಾಳಿ, ಅದೇ ಜಾತಿಯ ನೊಣ. ತನ್ನದು ಮಾತ್ರ ಸಾಯುತ್ತದೆ ಅಂದರೆ ಏನರ್ಥ? ಯಾರೋ ಕೈ ಆಡಿಸುತ್ತಿದ್ದಾರೆ ಎಂದು ಮೈತ್ರಿಗೆ ಖಾತ್ರಿಯಾಗಿತ್ತು. ಆ ಯಾರೋ ಯಾರು ಎಂಬುದೂ ಖಾತ್ರಿಯಾಗಿತ್ತು.

ಜಯನಗರದ ಆ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದವರು ಇವರಿಬ್ಬರೇ. ಕೊಳೆತ ಬಾಳೆಹಣ್ಣಿಗೆ ಮುತ್ತುತ್ತವಲ್ಲ, ಆ ಸಣ್ಣ ನೊಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಸಾಕುವುದೇ ಕೆಲಸ. ರವೆ, ಬೆಲ್ಲ, ಗಟ್ಟಿಯಾಗಲೆಂದು ಅಗರ್ ಪುಡಿ ಹಾಕಿ ಕೇಸರಿಬಾತಿನ ಹಾಗೆ ಮಗುಚಿ ಬಾಟಲಿಗೆ ಸುರಿದರೆ ಅದೇ ನೊಣಗಳ ಊಟ, ಅದೇ ಬಾಣಂತಿಕೋಣೆ.

ದಸರೆಗೆ ಮುಂಚೆ ಒಮ್ಮೆ ಮೈತ್ರಿಯ ಬಾಟಲಿಗಳಿಗೆಲ್ಲ ಬೂಸಲು ಹಿಡಿದಿತ್ತು. ಮಳೆಗಾಲ, ಬೂಸಲು ಹಿಡಿಯದೆ ಇನ್ನೇನು ಬಂಗಾರ ಹಿಡಿಯುತ್ತದೆಯೇ? ಆದರೆ ಅದೇ ವಾರ ಗೈಡ್ ರಾಮಪ್ರಸಾದ ಅವರು ಕರೆದು ಹೇಳಿದ್ದರು. "ನೋಡಮ್ಮ, ದೀಪಾವಳಿ ಒಳಗೆ ಮೊಮ್ಮಕ್ಕಳ ತಲೆಮಾರು ತೋರಿಸ್ಬಿಡು. ಆಗ್ಲಿಲ್ಲ ಅಂದ್ರೆ ಈ ಟಾಪಿಕ್ ಸಮನ್ವಿತಾಗೆ ಕೊಡಬೇಕಾಗತ್ತೆ."

ಅಲ್ಲಿಗೆ ಮುಗಿಯಿತು. ತನ್ನ ನೊಣ ಸತ್ತರೆ ಲಾಭ ಯಾರಿಗೆ? ಸಮನ್ವಿತಾ ಇದೇ ಜಯನಗರದವಳು, ಸಾರ್ ಮನೆಯವರಿಗೂ ಅವಳ ಮನೆಯವರಿಗೂ ಹಳೇ ಪರಿಚಯ. ಮೈತ್ರಿ ಚಿಕ್ಕಲಸಂದ್ರದಿಂದ ಬಸ್ಸಿನಲ್ಲಿ ನಿಂತು ಬರುವವಳು, ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ಇವಳೇ ಮೊದಲು. ಟಾಪಿಕ್ ಹೋದರೆ ಇನ್ನೊಂದು ಹುಡುಕಿಕೊಂಡು ಕೂರುವಷ್ಟು ವ್ಯವಧಾನ ಅವಳಿಗಾಗಲಿ, ಅವಳ ಮನೆಗಾಗಲಿ ಇರಲಿಲ್ಲ.

ಅಂದಿನಿಂದ ಅವಳು ಲ್ಯಾಬಿನ ರವೆಯನ್ನು ಮುಟ್ಟಲಿಲ್ಲ. ಮನೆಯಲ್ಲಿ ಒಂದು ಡಬ್ಬದ ತುಂಬ ರವೆ ತುಂಬಿಸಿ ಅಮ್ಮ ಕಲ್ಯಾಣಿಗೆ ತಾಕೀತು ಮಾಡಿದಳು. "ಅಮ್ಮಾ, ಇದು ನನ್ ನೊಣಕ್ಕೆ. ಉಪ್ಪಿಟ್ಟಿಗೆ ತಗೋಬೇಡ. ಈ ರವೆಗೇನಾದ್ರೂ ಹುಳ ಬಿತ್ತೋ, ನನ್ ಓದು ಹೋಯ್ತು ಅಂತ ತಿಳ್ಕೋ."

ವಾರವಾರವೂ ಮನೆಯಿಂದ ರವೆ, ಬೇರೆ ಬೆಲ್ಲ, ಬೇರೆ ಸೌಟು. ಇಷ್ಟು ಮಾಡಿದ ಮೇಲೂ ಹುಳುಗಳು ಸಾಯತೊಡಗಿದವು! ಮೊದಲು ಬೂಸಲು ಮಾತ್ರ ಇತ್ತು, ಈಗ ಮೊಟ್ಟೆಯೊಡೆದ ಮರಿಗಳೇ ಕೋಶ ಕಟ್ಟಿಕೊಂಡು ಪ್ಯೂಪಾ ಆಗುವ ಮುಂಚೆ ಕಣ್ಣು ಮುಚ್ಚುತ್ತಿದ್ದವು. ಸಮನ್ವಿತಾ "ಊಟ ಆಯ್ತಾ?" ಎಂದು ಕೇಳಿದರೂ ಮೈತ್ರಿಗೆ ಅದರಲ್ಲೊಂದು ಹುನ್ನಾರ ಕಾಣುತ್ತಿತ್ತು. ಫೋನಿನಲ್ಲಿ ನಕ್ಕರೆ, ನನ್ನ ಬಗ್ಗೆಯೇ ಇರಬೇಕು. ಬೇಗ ಬಂದರೆ, ಯಾಕೆ ಬೇಗ ಬಂದಳು?

ಕೊನೆಗೆ ಹಿಡಿದೇಬಿಡುತ್ತೇನೆಂದು ಒಂದು ಸಂಜೆ, ಸಮನ್ವಿತಾ ಹೊರಟ ಮೇಲೆ, ಹೊಸ ಮೊಟ್ಟೆಗಳಿದ್ದ ತನ್ನದೊಂದು ಬಾಟಲಿ, ಅವಳದೊಂದು ಬಾಟಲಿ ತೆಗೆದು, ಅಂಟಿಸಿದ್ದ ಹೆಸರಿನ ಚೀಟಿಗಳನ್ನು ಅದಲುಬದಲು ಮಾಡಿ, ರ‍್ಯಾಕುಗಳನ್ನೂ ಬದಲಿಸಿ ಇಟ್ಟಳು. ಸಾಯಿಸುವವಳು ಹೆಸರು ನೋಡಿಯೇ ಸಾಯಿಸುತ್ತಾಳೆ. ಹಾಗಾದರೆ ತನ್ನ ನೊಣಗಳನ್ನು ತಾನೇ ಕೊಂದುಕೊಳ್ಳಲಿ!

ವಾರ ಕಳೆಯಿತು. ಮೈತ್ರಿಯ ಹೆಸರಿದ್ದ ಬಾಟಲಿಯಲ್ಲಿ ಹುಳುಗಳು ಗಾಜು ಹತ್ತಿ ಪ್ಯೂಪಾ ಕಟ್ಟಿದ್ದವು. ಸಮನ್ವಿತಾಳ ಹೆಸರಿದ್ದದ್ದು ಸತ್ತು ಕಪ್ಪಾಗಿತ್ತು. ಎಲಾ ಇವಳ! ಚೀಟಿ ಬದಲಿಸಿದ್ದೂ ಗೊತ್ತಾಗಿಹೋಯಿತಾ?

ಅಷ್ಟರಲ್ಲಿ ಸಮನ್ವಿತಾ ಒಳಗೆ ಬಂದಳು. ಅತ್ತು ಕಣ್ಣು ಕೆಂಪಾಗಿತ್ತು.

"ನಂದೂ ಸತ್ತೋಯ್ತು ಕಣೆ, ಮೈತ್ರಿ. ಇದು ನನ್ ಕೊನೇ ಕ್ರಾಸು, ಈ ಜೋಡಿದು ಬೇರೆ ಬಾಟಲಿನೇ ಇಲ್ಲ. ಸಾರ್ ಹತ್ರ ಹೇಳ್ದೆ, ಮೊದಲಿಂದ ಮಾಡು ಅಂದ್ರು." ಮೂಗು ಒರೆಸಿಕೊಂಡಳು. "ನಿಂದು ಈ ಸಲ ಸಖತ್ತಾಗಿ ಬಂದಿದೆ. ನಮ್ ಲ್ಯಾಬ್ ರವೆನೇ ಕೆಟ್ಟಿದ್ಯೇನೋ. ನಿನ್ ರವೆ ಒಂಚೂರು ಕೊಡ್ತೀಯಾ?"

ಮೈತ್ರಿ ಎರಡೂ ಬಾಟಲಿಗಳನ್ನು ಮತ್ತೊಮ್ಮೆ ನೋಡಿದಳು. ಹೆಸರು ಬದಲಾದರೂ ಸಾವು ಬದಲಾಗಿರಲಿಲ್ಲ. ತಾನು ಮಗುಚಿದ ಊಟ ಎಲ್ಲಿತ್ತೋ ಅಲ್ಲೇ ಸಾವಿತ್ತು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಡಬ್ಬ ತೆರೆದು ಒಂದು ಚಿಟಿಕೆ ರವೆಯನ್ನು ನಾಲಿಗೆಗೆ ಹಾಕಿಕೊಂಡಳು. ಥೂ! ಹಸಿ ಕಹಿ.

"ಅಮ್ಮಾ, ಏನ್ ಹಾಕಿದೀಯ ಇದಕ್ಕೆ?"

"ಬೇವಿನೆಲೆ," ಎಂದಳು ಕಲ್ಯಾಣಿ ಹೆಮ್ಮೆಯಿಂದ. "ನೆರಳಲ್ಲಿ ಒಣಗ್ಸಿ, ನುಣ್ಣಗೆ ಪುಡಿ ಮಾಡಿ ಬೆರ್ಸಿದೀನಿ. ಹುಳ ಬಿದ್ರೆ ಓದು ಹೋಯ್ತು ಅಂದಿದ್ದಲ್ಲ ನೀನು? ನಾವೇನು ತಿನ್ನಲ್ವಲ್ಲ, ಅದಕ್ಕೆ ಸ್ವಲ್ಪ ಜಾಸ್ತಿನೇ ಹಾಕ್ದೆ. ಒಂದಾದ್ರೂ ಹುಳ ಬಿತ್ತಾ, ಹೇಳು?"

ಒಂದೂ ಬಿದ್ದಿರಲಿಲ್ಲ. ಹುಳು ಸಾಕಲು ಹೊರಟವಳು ಹುಳುವಿನ ಮದ್ದನ್ನೇ ಉಣಿಸುತ್ತಿದ್ದಳು. ಮೈತ್ರಿಗೆ ನಗುವೂ ಬಂತು, ಅದರ ಹಿಂದೆಯೇ ಅಳುವೂ ಬಂತು. ಅಮ್ಮನನ್ನು ಬೈಯಲು ಮನಸ್ಸಾಗಲಿಲ್ಲ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವಳು ಈ ಲೋಕದಲ್ಲಿ ಅವಳೊಬ್ಬಳೇ.

ಆದರೆ ಬೆಳಿಗ್ಗೆ ಬಸ್ಸಿನಲ್ಲಿ ಇನ್ನೊಂದು ಯೋಚನೆ ಕಚ್ಚಿತು. ತನ್ನ ಹೆಸರಿನ ಬಾಟಲಿ ಜೀವಂತವಾಗಿದೆ. ಅದನ್ನೇ ಸಾರ್‌ಗೆ ತೋರಿಸಿದರೆ ಟಾಪಿಕ್ ಉಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಬನಶಂಕರಿ ದಾಟುವವರೆಗೂ ಅವಳು ಆ ಬಾಟಲಿಯನ್ನು ಮನಸ್ಸಿನಲ್ಲೇ ಸಾರ್ ಮೇಜಿನ ಮೇಲೆ ಇಟ್ಟು ಇಟ್ಟು ತೆಗೆದಳು. ಸಮನ್ವಿತಾಳ ಕೆಂಪು ಕಣ್ಣು ಮಾತ್ರ ಕಣ್ಮುಂದಿನಿಂದ ಹೋಗಲಿಲ್ಲ.

ಕಾಲೇಜು ತಲುಪಿದವಳೇ ಆ ಬಾಟಲಿ ಎತ್ತಿಕೊಂಡು, ಸಮನ್ವಿತಾಳನ್ನೂ ಕರೆದುಕೊಂಡು ಸಾರ್ ಹತ್ತಿರ ಹೋಗಿ, ಅದು ಅವಳದೆಂದು ಕೊಟ್ಟು, ಎಲ್ಲವನ್ನೂ ಹೇಳಿದಳು. ರಾಮಪ್ರಸಾದರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬೇವು ಅಂತ ಗೊತ್ತಾಯ್ತಲ್ಲ, ಅದೂ ಒಂದು ಫಲಿತಾಂಶಾನೇ. ಸಂಕ್ರಾಂತಿವರೆಗೆ ಟೈಮ್ ಕೊಡ್ತೀನಿ, ಮೊದಲಿಂದ ಶುರು ಮಾಡು," ಎಂದರು. "ಚೀಟಿ ಬದಲಿಸಿದ್ದು ಮಾತ್ರ ನಾನು ಮರೆಯಲ್ಲಮ್ಮ. ಶುರು ಮಾಡೋಕೆ ನೊಣ ಸಮನ್ವಿತಾ ಹತ್ರ ಮಾತ್ರ ಇದೆ. ಅವಳು ಕೊಟ್ರೆ ಇಸ್ಕೋ."

ಲ್ಯಾಬಿಗೆ ಬಂದ ಮೇಲೆ ಸಮನ್ವಿತಾ ತನ್ನ ರ‍್ಯಾಕಿನಿಂದ ಚೆನ್ನಾಗಿದ್ದ ಒಂದು ಬಾಟಲಿ ಆರಿಸಿ ಮೈತ್ರಿಯ ಕೈಗಿಟ್ಟಳು. "ಲ್ಯಾಬ್ ರವೆನೂ ತಗೋ," ಎಂದಳು. ಮೈತ್ರಿ ಬಾಟಲಿ ಹಿಡಿದು, ಚೀಟಿ ಬರೆಯಲು ತನ್ನ ಮೇಜಿನ ಕಡೆ ತಿರುಗಿದಳು.

"ಅಲ್ಲಿ ಬೇಡ," ಎಂದಳು ಸಮನ್ವಿತಾ. "ಇಲ್ಲೇ, ನನ್ ಮುಂದೆ ಬರಿ."

ಮೈತ್ರಿ ನಿಂತಲ್ಲೇ ನಿಂತು, ಅವಳು ನೋಡುತ್ತಿರುವಂತೆಯೇ ತನ್ನ ಹೆಸರು ಬರೆದಳು.