ಬೂದು ಬಕ ಹನ್ನೆರಡು

ತಮ್ಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಸೋಮವಾರ ಬೆಳಗ್ಗೆ, ಹಾಲು ಕಾಯಿಸುತ್ತಿದ್ದಾಗ. ಆಸ್ಪತ್ರೆಯವರು ಫೋನ್ ಮಾಡಿದ್ದರು. ಹಾಲು ಉಕ್ಕಿ ಒಲೆ ಆರಿದ್ದು ನನಗೆ ಗೊತ್ತೇ ಆಗಲಿಲ್ಲ.

ಎರಡು ವಾರದ ಮೇಲೆ ಹುಣ್ಣಿಮೆಯ ಉಬ್ಬರ ಬಂತು. ಆಗ ಕಡಲಂಚಿನ ಕೆಸರುಬಯಲು ಮುಳುಗಿ, ಹಕ್ಕಿಗಳೆಲ್ಲ ನಗರದ ಜೌಗು ಉದ್ಯಾನದ ಕೊಳಕ್ಕೆ ಬಂದು ಕೂರುತ್ತವೆ. ಒಂಬತ್ತು ವರ್ಷ, ತಿಂಗಳಿಗೊಮ್ಮೆ, ನಾವಿಬ್ಬರೂ ಅವನ್ನು ಎಣಿಸಿದ್ದೆವು. ತಮ್ಮ ದುರ್ಬೀನಿನಲ್ಲಿ ನೋಡಿ ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ. ಬರೆಯುವವಳು ತಲೆ ಎತ್ತಬಾರದು ಎಂಬುದು ಅವನ ಕಟ್ಟಳೆ. ಆ ಎಣಿಕೆಯನ್ನು ಉದ್ಯಾನದವರು ಅವನ ಹೆಸರಿನೊಂದಿಗೆ ಬಾಗಿಲ ಬಳಿಯ ಫಲಕದಲ್ಲಿ ಹಾಕುತ್ತಿದ್ದರು.

ಈ ತಿಂಗಳ ಎಣಿಕೆ ಖಾಲಿ ಬಿಡಲು ನನಗೆ ಮನಸ್ಸಾಗಲಿಲ್ಲ. ಅವನ ದುರ್ಬೀನು ತೆಗೆದುಕೊಂಡು ಹೋದೆ. ಉದ್ಯಾನದ ಟಿಕೆಟ್ ಕೊಡುವವಳು ಎಣಿಕೆಯ ಪುಸ್ತಕ ಹಿಡಿದು, ಹಕ್ಕಿ ನೋಡಲು ಕೊಳದ ದಡದಲ್ಲಿ ಕಟ್ಟಿದ ಹಲಗೆಯ ಕೋಣೆಯಲ್ಲಿ ನನ್ನ ಪಕ್ಕ ಕೂತಳು.

"ಒಂಬತ್ತು ವರ್ಷ ಬರ್ದಿದೀರ, ಒಂದ್ಸಲಾನೂ ದುರ್ಬೀನಲ್ಲಿ ನೋಡಿಲ್ವಾ ಅಕ್ಕಾ?"

"ನೋಡೋಕೆ ಅವನು ಬಿಟ್ಟಿದ್ರೆ ತಾನೆ? ಸೀನಿದ್ರೂ ಗದರ್ತಿದ್ದ."

"ನಾನು ಸೀನಬಹುದಲ್ವಾ?"

"ಬೇಕಾದ್ರೆ ಸೀನು. ಬರಿ. ಬೆಳ್ಳಕ್ಕಿ ನಲವತ್ತೊಂದು. ನೀರುಕಾಗೆ ಏಳು."

ಹೆಸರುಗಳೆಲ್ಲ ಬರೆದು ಬರೆದು ಬಾಯಿಪಾಠವಾಗಿದ್ದವು. ಈಗ ಒಂದೊಂದಕ್ಕೂ ಕೊಕ್ಕು, ಕಾಲು ಸಿಕ್ಕಂತಾಯಿತು. ಆಚೆ ದಡಕ್ಕೆ ದುರ್ಬೀನು ತಿರುಗಿಸಿದೆ. ಅಲ್ಲಿ ಬೂದು ಬಕ ಹನ್ನೆರಡು ಇರಬೇಕು. ಕಳೆದ ನಾಲ್ಕು ತಿಂಗಳೂ ತಮ್ಮ ಹನ್ನೆರಡೇ ಹೇಳಿದ್ದ. ನನಗೆ ಕಂಡದ್ದು ಒಂದು ಬಕ. ಅದರ ಸುತ್ತ ನೀರಿನಲ್ಲಿ ಹನ್ನೊಂದು ಮರದ ಗೂಟ.

"ಆ ಗೂಟ ಯಾವಾಗಿಂದ ಇದೆ?"

"ಹಳೇ ದೋಣಿಕಟ್ಟೆ ಕಿತ್ತಾಗಿಂದ. ನಾಲ್ಕು ತಿಂಗಳಾಯ್ತೇನೋ." ಅವಳು ಪುಸ್ತಕದ ಹಿಂದಿನ ಪುಟಗಳನ್ನು ತಿರುವಿ, ನಾಲ್ಕು ತಿಂಗಳ ಹನ್ನೆರಡುಗಳ ಮೇಲೆ ಬೆರಳಿಟ್ಟಳು.

ಈಚೆಗೆ ಮೆಟ್ಟಿಲು ಎಡವಿದಾಗಲೆಲ್ಲ ತಮ್ಮ ಚಪ್ಪಲಿಯನ್ನು ಬೈಯುತ್ತಿದ್ದ. ಕಣ್ಣು ಮಂಜಾಗಿದ್ದನ್ನು ನನ್ನಿಂದಲೂ ಮುಚ್ಚಿಟ್ಟಿದ್ದ.

"ಹನ್ನೆರಡು ಅಂತಾನೇ ಹಾಕ್ತೀನಿ ಅಕ್ಕಾ," ಎಂದಳು ಅವಳು ಮೆಲ್ಲಗೆ. "ಯಾರು ನೋಡ್ತಾರೆ? ಹೋದವರ ಹೆಸರು ಯಾಕೆ ಕೆಡಿಸೋದು?"

ನನಗೂ ಒಂದು ಗಳಿಗೆ ಹಾಗೇ ಅನಿಸಿತು. ಫಲಕದ ಮುಂದೆ ನಿಂತು ಜನ ನಗುವುದು ಕಣ್ಣಿಗೆ ಕಟ್ಟಿತು. ಆದರೆ ಒಂಬತ್ತು ವರ್ಷವೂ, ಒಂದು ಹಕ್ಕಿಯ ಬಗ್ಗೆ ಅನುಮಾನ ಬಂದರೂ ಅದನ್ನು ಬಿಟ್ಟುಬಿಡು ಎಂದವನು ಅವನು. ಸುಳ್ಳೆಂದು ಗೊತ್ತಾದ ಮೇಲೆ ಅದನ್ನು ಅವನ ಹೆಸರಿನಡಿ ಉಳಿಸಿದರೆ ಅವನು ನನ್ನನ್ನು ಕ್ಷಮಿಸುತ್ತಿರಲಿಲ್ಲ.

"ಒಂದು ಅಂತ ಬರಿ," ಎಂದೆ. "ಪುಸ್ತಕ ಇಲ್ಲಿ ಕೊಡು."

ನಾಲ್ಕು ತಿಂಗಳ ಹನ್ನೆರಡನ್ನೂ ಒಂದೊಂದು ಗೆರೆ ಎಳೆದು ಹೊಡೆದು, ಪ್ರತಿಯೊಂದರ ಪಕ್ಕದಲ್ಲಿ 'ಗೂಟಗಳು ಸೇರಿವೆ, ನಂಬಬೇಡಿ' ಎಂದು ಬರೆದು ಸಹಿ ಹಾಕಿದೆ. ಆಮೇಲೆ ಕೈಮುಗಿದೆ.

ದೇವರೇ, ಅವನು ತನಗೆ ಕಂಡದ್ದನ್ನೇ ಹೇಳಿದ. ತಿದ್ದುವ ಕೆಲಸ ನನ್ನ ಪಾಲಿಗೆ ಬಂತು, ಮಾಡಿದ್ದೇನೆ. ನನ್ನ ತಮ್ಮನನ್ನು ನಿನ್ನ ಹತ್ತಿರ ಕೂರಿಸಿಕೊ. ಅವನ ಆತ್ಮಕ್ಕೆ ಶಾಂತಿ ಕೊಡು.