ಹೊರಟವನ ಹೆಸರು

ಯೆಹೂದಿ ಮಂದಿರದಲ್ಲಿ ಧರ್ಮಗ್ರಂಥವಾದ ತೋರಾದ ಸುರುಳಿಗಳಿದ್ದ ಕಪಾಟಿನ ಪರದೆಗೆ ಕೈ ಹಾಕಿದ್ದವನು ಸದ್ದಿಗೆ ಬೆಚ್ಚಿ ತಿರುಗಿ ನೋಡಿದ. ಹೆಂಗಸರ ಮಾಳಿಗೆಯಿಂದ ಇಳಿದು ಬಂದ ದ್ವೋಶ ಗಂಡಸರ ಸಾಲುಗಳನ್ನು ಸೀಳಿಕೊಂಡು, ಓದುವ ಮೇಜಿನ ಮೇಲೆ ಅಂಗೈ ಬಡಿದು ನಿಂತಿದ್ದಳು.

"ಇವತ್ತು ಓದೋ ಹಾಗಿಲ್ಲ. ನನಗೆ ಅನ್ಯಾಯ ಆಗಿದೆ. ನನ್ನ ಮಾತು ಕೇಳೋವರೆಗೆ ತೋರಾ ಹೊರಗೆ ಬರಕೂಡದು."

ಅವಳನ್ನು ಯಾರೂ ಹೊರಗೆ ನೂಕಲಿಲ್ಲ. ನೂಕುವಂತೆಯೂ ಇರಲಿಲ್ಲ. ನೊಂದವರು ಗಂಡಾಗಲಿ ಹೆಣ್ಣಾಗಲಿ, ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಓದನ್ನು ತಡೆದು ನಿಲ್ಲಿಸಬಹುದೆಂದು ಹಿರಿಯರು ಎಂದೋ ಕಟ್ಟಳೆ ಮಾಡಿಟ್ಟಿದ್ದರು. ದೇವರ ಮಾತು ತುಸು ಕಾಯುತ್ತದೆ, ನೊಂದವರ ಗಂಟಲು ಕಾಯುವುದಿಲ್ಲ ಎಂದು ಅವರಿಗೆ ತೋರಿದ್ದಿರಬೇಕು.

ಹಿಂದಿನ ಬೆಂಚಿನಿಂದ ಪೀಪಾಯಿ ಮಾಡುವ ನೋಸನ್ ಗೊಣಗಿದ. "ಬೇಗ ಹೇಳಿ ಮುಗಿಸಮ್ಮ ತಾಯಿ, ಒಲೇಲಿಟ್ಟಿರೋ ಚೋಲೆಂಟ್ ಸೀದು ಹೋಗುತ್ತೆ."

"ಸೀಯಲಿ ಬಿಡು. ನಿನ್ನ ಹೆಂಡತಿ ಮಾಡಿದ್ದು ಯಾವತ್ತು ಸೀಯದೆ ಇತ್ತು? ಇವತ್ತು ನನ್ನ ಹೆಸರು ಹೇಳ್ಕೊಂಡು ಬಚಾವಾಗ್ತಾಳೆ."

ಮಾಳಿಗೆಯ ಜಾಲರಿಯ ಹಿಂದೆ ಹೆಂಗಸರು ಕಿಸಕ್ಕನೆ ನಕ್ಕರು. ದ್ವೋಶ ಮಾತ್ರ ನಗಲಿಲ್ಲ. ಬಾತುಕೋಳಿ ಗರಿ ಬಿಡಿಸಿ ಹಾಸಿಗೆ ತುಂಬಿ ಮಗನನ್ನು ಸಾಕಿದ ವಿಧವೆ ಅವಳು. ಕಳೆದ ವಸಂತದಲ್ಲಿ ಝಾರ್ ದೊರೆಯ ಕೊಲೆಯಾದ ಮೇಲೆ, ಯೆಹೂದಿಗಳೇ ಕೊಂದರೆಂದು ಕೊಡಲಿ ಹಿಡಿದು ಬಂದವರು ಬೀದಿಯ ಹಾಸಿಗೆಗಳನ್ನೆಲ್ಲ ಸೀಳಿದ್ದರು. ಗರಿ ಮಂಜಿನ ಹಾಗೆ ಸುರಿದು ಮೊಣಕಾಲುದ್ದ ಬಿದ್ದಿತ್ತು. ಅವಳ ಮಗ ವೆಲ್ವ್ಲ್ ಗಾಡಿಯ ಮೂಕಿಮರ ಕಿತ್ತುಕೊಂಡು, ನಾಲ್ಕಾರು ಗೆಳೆಯರ ಜೊತೆ ಬೀದಿಯ ಬಾಯಿಗೆ ಅಡ್ಡ ನಿಂತಿದ್ದ. ಅಲ್ಲಿಯತನಕ ಮೀಸೆ ತಿರುವುತ್ತ ನೋಡುತ್ತಿದ್ದ ಪೊಲೀಸ್ ಅಧಿಕಾರಿ ಆಗ ಎಚ್ಚೆತ್ತುಕೊಂಡ. ಸೀಳಿದವರು ಮನೆಗೆ ಹೋದರು, ಅಡ್ಡ ನಿಂತವರು ಜೈಲಿಗೆ ಹೋದರು.

ಇವತ್ತಿನ ಓದಿನ ಹೊತ್ತಿಗೆ ಅದೇ ಅಧಿಕಾರಿಯ ಹೆಸರು ಹಿಡಿದು ಹರಸಬೇಕೆಂದು ಮಂದಿರದ ಯಜಮಾನ, ಧಾನ್ಯದ ವ್ಯಾಪಾರಿ, ಊರವರು ಗೌರವದಿಂದ 'ರೆಬ್' ಎನ್ನುವ ಕಲ್ಮನ್, ನಿನ್ನೆ ಸಂಜೆ ಸಾರಿದ್ದ. ಚಳಿಗಾಲವೆಲ್ಲ ಊರು ಶಾಂತವಾಗಿತ್ತಲ್ಲ, ಅದಕ್ಕೆ. ಜೈಲಿನಿಂದ ಬಂದ ವೆಲ್ವ್ಲ್ ಬರುವ ವಾರ ಗೆಳೆಯರೊಂದಿಗೆ ಒಡೆಸ್ಸಾದಲ್ಲಿ ಹಡಗು ಹತ್ತಿ ಪೂರ್ವಜರ ನಾಡಿಗೆ ಹೊರಟಿದ್ದ. ಅಲ್ಲಿ ಉಳುತ್ತಾನಂತೆ, ಬಿತ್ತುತ್ತಾನಂತೆ, ಯಾರ ಮೀಸೆಗೂ ಹೆದರದೆ ಬಾಳುತ್ತಾನಂತೆ. ಪ್ರಯಾಣಕ್ಕೊಂದು ಹರಸುವ ಮಾತು ಕೇಳಿದರೆ, ಇಂಥ ಗುಂಪುಗಾರರ ಹೆಸರು ಇಲ್ಲಿ ಎತ್ತುವುದಿಲ್ಲ ಎಂದಿದ್ದ ಕಲ್ಮನ್.

"ನನ್ನ ಮಗನನ್ನ ಕಟ್ಟಿ ಎಳ್ಕೊಂಡು ಹೋದವನಿಗೆ ದೇವರ ಮುಂದೆ ಆಯಸ್ಸು ಕೇಳ್ತೀರಿ," ಅಂದಳು ದ್ವೋಶ. "ನನ್ನ ಮಗನಿಗೆ ಒಂದು ಮಾತಿಲ್ಲ. ಇದು ಯಾವ ನ್ಯಾಯ, ರೆಬ್ ಕಲ್ಮನ್?"

"ನಿಂಗೆ ತಿಳಿಯೋಲ್ಲ ದ್ವೋಶ. ತಗ್ಗಿ ನಡೆದರೆ ನಾವು ಉಳೀತೀವಿ. ಅವತ್ತು ಹುಡುಗ್ರು ಮರ ಎತ್ತದೆ ಇದ್ದಿದ್ರೆ ಅಷ್ಟೊಂದು ಆಗ್ತಿರಲಿಲ್ಲ."

"ಮರ ಎತ್ತೋಕ್ಕೆ ಮುಂಚೆನೇ ಬೇಕರಿ ಶಿಮೆನ್‌ನ ತಲೆ ಒಡೆದಿತ್ತು! ಅವನು ತಗ್ಗೇ ನಡೀತಿದ್ದ. ಹುಟ್ಟುಗೂನ. ಇನ್ನೆಷ್ಟು ತಗ್ಗಬೇಕಿತ್ತು ಅವನು?"

ಕಲ್ಮನ್ನನ ಮುಖ ಕೆಂಪೇರಿತು.

"ಆ ನಾಡೇನು ಖಾಲಿ ಬಿದ್ದಿದೆಯಾ? ತುರ್ಕರ ದೊರೆ ಇದ್ದಾನೆ. ಉಳೋ ಜನ ಅಲ್ಲೂ ಇದ್ದಾರೆ. ಅವರೇನು ನಿನ್ನ ಮಗನಿಗೆ ಸ್ವಾಗತಕ್ಕೆ ರೊಟ್ಟಿ ಉಪ್ಪು ಹಿಡ್ಕೊಂಡು ಕಾಯ್ತಿದ್ದಾರಾ? ಕೇಳು ಅವನನ್ನೇ."

ಎಲ್ಲರೂ ವೆಲ್ವ್ಲ್‌ನ ಕಡೆ ತಿರುಗಿದರು. ಅವನು ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ.

"ದೇವರು ಕಳಿಸೋ ಮೆಸ್ಸೀಯ ಬರೋ ಮೊದಲೇ ಆ ನಾಡಿಗೆ ಹೊರಡೋದು ಪಾಪ ಅಂತ ನೀನೇ ಬಾವಿಕಟ್ಟೆ ಮೇಲೆ ಅಳ್ತಿದ್ದೆಯಂತೆ," ಕಲ್ಮನ್ ದ್ವೋಶಳನ್ನು ಬಿಡಲಿಲ್ಲ. "ಅವನ ಬೂಟು ಬಚ್ಚಿಟ್ಟವಳು ನೀನೇ ಅಲ್ವಾ? ನೋಡಿ ಎಲ್ಲಾರೂ, ಕಂಬಳಿ ಚಪ್ಪಲೀಲಿ ಬಂದಿದ್ದಾನೆ, ಭೂಮಿ ಉಳೋ ಶೂರ."

"ಹೌದು, ಬಚ್ಚಿಟ್ಟೆ. ಇವತ್ತೂ ಅವನು ಹೋಗೋದು ನನಗಿಷ್ಟ ಇಲ್ಲ. ಅದು ನನ್ನ ಮನೆ ಜಗಳ, ಮನೇಲೇ ಆಡ್ಕೋತೀನಿ." ಅವಳ ಧ್ವನಿ ಏರಿತು. "ಆದ್ರೆ 'ಬರೋ ವರ್ಷ ಜೆರುಸಲೇಮಿನಲ್ಲಿ' ಅಂತ ಪ್ರತಿ ಪಸ್ಕ ಹಬ್ಬಕ್ಕೆ ದೊಡ್ಡದಾಗಿ ಹಾಡೋರು ನೀವು. ಒಬ್ಬ ಹುಡುಗ ನಿಜವಾಗ್ಲೂ ಹೊರಟರೆ ಅವನ ಹೆಸರು ನಿಮ್ಮ ನಾಲಿಗೆ ಸುಡುತ್ತಾ? ಆ ಮೀಸೆಯವನ ಹೆಸರು ಸುಡೋಲ್ವಾ? ನಾನು ಇಲ್ಲಿಂದ ಕದಲೋಲ್ಲ. ಕತ್ತಲಾಗಲಿ ಬೇಕಾದ್ರೆ."

ಹೊರಗೆ ಮಂಜು ಬೀಳುತ್ತಿತ್ತು. ನೋಸನ್ ಚೋಲೆಂಟಿನ ಮಾತು ಎತ್ತಲಿಲ್ಲ. ಮಾಳಿಗೆಯಲ್ಲಿ ಯಾವುದೋ ಹೆಂಗಸು ಬೆಂಚನ್ನು ಬಡಿದಳು, ಇನ್ನೊಬ್ಬಳು ಬಡಿದಳು, ಜಾಲರಿ ಅದುರುವಷ್ಟು ಬಡಿದರು.

ಮುದಿ ರಬ್ಬಿ ಗೋಡೆ ಹಿಡಿದು ಎದ್ದರು. ಬಡಿತ ನಿಂತಿತು.

"ಅವನು ಹೋಗೋದು ಸರಿ ಅಂತ ನಾನು ಹೇಳೋಲ್ಲ," ಅಂದರು. "ನನ್ನ ಮನಸ್ಸು ಒಪ್ಪಿಲ್ಲ. ದಾರಿಗೆ ಹೊರಟವನನ್ನ ಹರಸೋಕ್ಕೆ ಅದೇನೂ ಬೇಕಾಗಿಲ್ಲ."

"ರಬ್ಬಿಗಳೇ, ಅಧಿಕಾರಿಗೆ ನಾಳೆ ಏನು ಹೇಳಲಿ?" ಎಂದ ಕಲ್ಮನ್.

"ಈ ರಬ್ಬಿಗೆ ವಯಸ್ಸಾಯ್ತು, ನಿಮ್ಮ ಹೆಸರು ಮರೆತುಬಿಟ್ಟ ಅಂತ ಹೇಳಪ್ಪ." ರಬ್ಬಿ ದ್ವೋಶಳ ಕಡೆ ತಿರುಗಿದರು. "ಯಾರನ್ನ ಹರಸಬೇಕಮ್ಮ? ನೀನೇ ಹೇಳು."

ಹುಟ್ಟಿದ ಎಂಟನೆಯ ದಿನ ವೆಲ್ವ್ಲ್‌ಗೆ ಹೆಸರಿಟ್ಟು ಕೂಗಿದವರು ಈ ರಬ್ಬಿಯೇ. ದ್ವೋಶ ಮೇಜಿನ ಅಂಚು ಹಿಡಿದಳು. ಮಗ ಅವಳನ್ನೇ ನೋಡುತ್ತಿದ್ದ.

"ವೆಲ್ವ್ಲ್," ಅಂದಳು. "ಗೆರ್ಶನ್‌ನ ಮಗ. ಸಮುದ್ರ ದಾಟಿ ಹೋಗ್ತಾ ಇದ್ದಾನೆ."

ರಬ್ಬಿ ಕಣ್ಣು ಮುಚ್ಚಿ ಹರಸುವ ಮಾತನ್ನು ಮೊದಲುಮಾಡಿದರು. ಕೊನೆಗೆ ಎಲ್ಲರೂ "ಆಮೆನ್" ಎಂದಾಗ ಕಲ್ಮನ್ನನ ತುಟಿಯೂ ಅಲುಗಿತು.

ಆಮೇಲೆ ದ್ವೋಶ ಮಾಳಿಗೆಯ ಮೆಟ್ಟಿಲ ಕಡೆ ನಡೆದಳು. ಅರ್ಧ ಹತ್ತಿದವಳಿಗೆ ಮುಂದೆ ಹತ್ತಲಾಗಲಿಲ್ಲ. ಗೋಡೆಗೆ ಒರಗಿ ಅಲ್ಲೇ ಕುಳಿತಳು. ಒಳಗೆ ಓದು ಶುರುವಾಯಿತು. ಬೇಕರಿ ಶಿಮೆನ್‌ನ ಹೆಂಡತಿ ಮೇಲಿನಿಂದ ಇಳಿದು ಬಂದು, ಅದೇ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕುಳಿತು, ತನ್ನ ಶಾಲಿನ ಅರ್ಧವನ್ನು ಅವಳ ಮೊಣಕಾಲ ಮೇಲೆ ಎಳೆದಳು.